ನಮಗಾಗಿ ಹೆದರುತ್ತಿದ್ದ ಮೇಸ್ತ್ರಿ

ಅರಸೀಕೆರೆಯಲ್ಲಿ ಧೈರ್ಯ ಹೇಳುವ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. "ಏನೂ ಆಗಲ್ಲ, ತಗೊಂಡ್ ಹೋಗಿ ಸಾರ್" ಎನ್ನುವವರು ಬೀದಿಗೆ ಇಬ್ಬರು ಸಿಗುತ್ತಾರೆ. ಹೆದರಿಸುವವರು ಒಬ್ಬರೇ ಇದ್ದರು. ಹೋದ ತಿಂಗಳು ಅವರೂ ತೀರಿಕೊಂಡರು.

ಊರವರು ಬೆನ್ನ ಹಿಂದೆ ಅವರನ್ನು ಪುಕ್ಕಲು ಮೇಸ್ತ್ರಿ ಎನ್ನುತ್ತಿದ್ದರು, ಎದುರಿಗೆ ಬರೀ ಮೇಸ್ತ್ರಿ. ಹೆಸರು ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಶೆಡ್ಡಿಗೆ ಬೋರ್ಡು ಹಾಕಿಸುವುದಕ್ಕೇ ಹೆದರಿದವರು. "ಹೆಸ್ರು ಹಾಕಿದ್ಮೇಲೆ ತಪ್ಪು ಮಾಡಂಗಿಲ್ಲ ಕಣ್ರೀ" ಎನ್ನುತ್ತಿದ್ದರು. ಆದ್ದರಿಂದ ಇಲ್ಲಿಯೂ ಮೇಸ್ತ್ರಿ ಎಂದೇ ಬರೆಯುತ್ತೇನೆ.

ನನ್ನದು ಹಳೆಯ ಕಾರುಗಳ ವ್ಯಾಪಾರ. ಶುರುವಿನಲ್ಲಿ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಚೀಲ ಹೊತ್ತವನು. ಹೊರುತ್ತ ಹೊರುತ್ತಲೇ ವ್ಯಾಪಾರ ಕಲಿತೆ. ಯಾರ ಬಾಯಿಂದ ಮೊದಲು ರೇಟು ಬರುತ್ತದೋ ಅವರು ಸೋತರು. ಇದು ಕೊಬ್ಬರಿಗೂ ನಿಜ, ಕಾರಿಗೂ ನಿಜ. ಮೇಸ್ತ್ರಿಯ ಶೆಡ್ಡು ನನ್ನ ಗಾಡಿಗಳು ನಿಲ್ಲುವ ಜಾಗದ ಎದುರಿಗೇ ಇತ್ತು. ಹದಿನಾರು ವರ್ಷ ಎದುರುಬದುರು ಇದ್ದೆವು. ಅಷ್ಟರಲ್ಲಿ ನನ್ನ ಎಷ್ಟು ಗಿರಾಕಿಗಳನ್ನು ಅವರು ಹೆದರಿಸಿ ಓಡಿಸಿದ್ದಾರೋ! ನಾನು ಸೀಟು ಒರೆಸಿ, ಊದುಬತ್ತಿ ಹಚ್ಚಿ, ಮಾತು ಕುದುರಿಸಿ, ಇನ್ನೇನು ಕೈಗೆ ಕೈ ಸೇರಬೇಕು, ಅಷ್ಟರಲ್ಲಿ ಮೇಸ್ತ್ರಿ ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬರುತ್ತಿದ್ದರು. ಬಂದವರು ಬಾನೆಟ್ಟಿನ ಮೇಲೆ ಕೈ ಇಡುತ್ತಿದ್ದರು. ಅಂಗೈಯನ್ನಲ್ಲ, ಕೈಯ ಬೆನ್ನನ್ನು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಥೇಟ್ ಹಾಗೆ.

"ಬೆಳಿಗ್ಗೆ ಬೆಳಿಗ್ಗೇನೇ ಯಾಕ್ ಬೆಚ್ಗೈತೆ? ನೀವು ಬರೋಕ್ ಮುಂಚೆ ಸಾವ್ಕಾರ್ರು ಸ್ಟಾರ್ಟ್ ಮಾಡಿ ಇಟ್ಟವ್ರೆ. ಯಾಕೆ ಅಂತ ಕೇಳಿ" ಎಂದು ಗಿರಾಕಿಗೆ ಹೇಳಿ, ಬಂದ ಹಾಗೇ ಹೋಗುತ್ತಿದ್ದರು. ಚೀಲ ಹೊತ್ತವನನ್ನು ಅವರು ಸಾವ್ಕಾರ್ರು ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ.

ಅವರ ಎಡಗೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಟ್ಟು ನುಣ್ಣಗೆ ಮಿಂಚುತ್ತಿತ್ತು. ಅಲ್ಲಿ ಗಡ್ಡ ಬೆಳೆಯುತ್ತಿರಲಿಲ್ಲ. ಹರೆಯದಲ್ಲಿ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಆದದ್ದು. ಆ ಕಥೆಯನ್ನು ಒಮ್ಮೆ ಮಾತ್ರ ಹೇಳಿದ್ದರು, ಅದೂ ಎರಡೇ ಮಾತಿನಲ್ಲಿ: "ಮುಚ್ಳ ನಾನು ಅರ್ಧ ತಿರುಗ್ಸಿದ್ದೆ ಅಷ್ಟೆ. ಮಿಕ್ಕಿದ್ದರ್ಧ ಅದೇ ತಿರುಗಿಸ್ಕಂತು." ಅಲ್ಲಿಂದಾಚೆಗೆ ಇಂಜಿನ್ ನಿಲ್ಲಿಸಿ ಅರ್ಧ ಗಂಟೆಯಾಗದೆ ಅವರು ಮುಚ್ಚಳ ಮುಟ್ಟಿದವರಲ್ಲ. ಗಿರಾಕಿ ಎಷ್ಟೇ ಆತುರ ಮಾಡಲಿ, ಶೆಡ್ಡಿನ ಮುಂದಿನ ಮುರುಕು ಬೆಂಚು ತೋರಿಸಿ "ಕೂತ್ಕಳಿ, ತಣ್ಣಗಾಗ್ಲಿ" ಎನ್ನುತ್ತಿದ್ದರು. ಆ ಬೆಂಚಿನ ಮೇಲೆ ಕೂತು ಅರ್ಧ ಅರಸೀಕೆರೆ ತಣ್ಣಗಾಗಿದೆ.

ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಸಿಹಿಯಾಗಿರುತ್ತದೆ. ಒಮ್ಮೆ ಶೆಡ್ಡಿನಲ್ಲಿ ಚೆಲ್ಲಿದ್ದನ್ನು ಬೀದಿನಾಯಿಯೊಂದು ನೆಕ್ಕಿ, ಎರಡು ದಿನ ಒದ್ದಾಡಿ ಸತ್ತಿತು. ಅದಾದ ಮೇಲೆ ಒಂದು ತೊಟ್ಟು ನೆಲಕ್ಕೆ ಬಿದ್ದರೂ ಮೇಸ್ತ್ರಿ ಅದರ ಮೇಲೆ ಮಣ್ಣೆಳೆದು, ಆ ಮಣ್ಣನ್ನೂ ಗೋರಿ ಡಬ್ಬಕ್ಕೆ ಹಾಕಿ ಮುಚ್ಚುತ್ತಿದ್ದರು. ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಅವರ ಕಿವಿಗೆ ಆಗದ ಮಾತು ಒಂದಿತ್ತು: "ಗಾಡಿ ಸ್ವಲ್ಪ ನೀರು ಕುಡಿಯುತ್ತೆ." ನಮ್ಮ ಕಡೆ ಎಲ್ಲರೂ ಹೇಳುವುದು ಹೀಗೇ. ರೇಡಿಯೇಟರಿಗೆ ದಿನಾ ಒಂದು ಚೊಂಬು ನೀರು ಬೇಕಾದರೆ ಅದು ಗಾಡಿಯ ಬಾಯಾರಿಕೆ ಎಂದುಕೊಳ್ಳುತ್ತೇವೆ. ಡಿಕ್ಕಿಯಲ್ಲಿ ಒಂದು ಕ್ಯಾನು ಬೋರ್ ನೀರು ಇಟ್ಟುಕೊಂಡರೆ ಮುಗಿಯಿತು. ಮೇಸ್ತ್ರಿ ಸಿಡಿಯುತ್ತಿದ್ದರು.

"ಕುಡಿಯೋದು ಎತ್ತು ಕಣ್ರೀ. ಗಾಡಿ ಕುಡಿಯಲ್ಲ, ಕಳೀತದೆ. ನೀವು ಹುಯ್ದಿದ್ದು ಎಲ್ಲಿಗೋಯ್ತು ಅಂತ ಹೇಳಿ, ಆಮೇಲೆ ಮಿಕ್ಕಿದ್ ಮಾತು."

ನಾನು ಸುಮ್ಮನಿರುವವನಲ್ಲ. "ತೆಂಗಿನಕಾಯೊಳಗಿನ ನೀರು ಎಲ್ಲಿಗೆ ಹೋಗುತ್ತೆ ಮೇಸ್ತ್ರಿ? ಅಟ್ಟದ ಮೇಲೆ ವರ್ಷ ಇಟ್ರೆ ತಾನಾಗೇ ಬತ್ತಲ್ವಾ? ಅದಕ್ಕೆ ಯಾವ ತೂತೈತೆ?" ಎಂದು ವಾದ ಹೂಡಿದೆ. ನಾನು ಕೊಬ್ಬರಿ ಸೀಮೆಯವನು. ಮುಚ್ಚಿದ ಚಿಪ್ಪಿನೊಳಗೆ ನೀರು ಬತ್ತುವುದು ನಮಗೆ ಶುಭ. ಅಲ್ಲಾಡಿಸಿದಾಗ ನೀರಿನ ಸದ್ದು ನಿಂತು ಗುಡುಗುಡು ಎಂದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ, ಇನ್ನು ಒಡೆಯಬಹುದು.

"ಕಾಯಲ್ಲಿ ನೀರು ಬತ್ತಿದ್ರೆ ಕೊಬ್ರಿ, ಇಂಜಿನ್ನಲ್ಲಿ ಬತ್ತಿದ್ರೆ ಗುಜ್ರಿ" ಎಂದರು ಮೇಸ್ತ್ರಿ. "ಅದೂ ಗುಡುಗುಡು ಅಂತೈತೆ. ನಿಮಗೆ ಕೇಳ್ಸೋ ಹೊತ್ಗೆ ಎಲ್ಲಾ ಮುಗ್ದಿರ್ತದೆ."

ಇದನ್ನು ಓದುವವರಲ್ಲಿ ಹಳೆಯ ಗಾಡಿ ಕೊಳ್ಳುವವರಿದ್ದರೆ, ಮೇಸ್ತ್ರಿ ನನ್ನ ಗಿರಾಕಿಗಳಿಗೆ ಪುಕ್ಕಟೆ ಹಂಚಿ ನನ್ನ ವ್ಯಾಪಾರ ಕೆಡಿಸಿದ ಬುದ್ಧಿಯನ್ನು ನಾನೂ ಪುಕ್ಕಟೆ ಹೇಳುತ್ತೇನೆ, ಕೇಳಿ. ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಬಾನೆಟ್ಟು ತಣ್ಣಗಿರಬೇಕು. ಇಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿ. ಅದರ ಒಳಗೆ ಮಜ್ಜಿಗೆಯಂಥ ನೊರೆ ಅಂಟಿದ್ದರೆ ನೀರು ಎಣ್ಣೆಗೆ ಸೇರುತ್ತಿದೆ, ಚೌಕಾಶಿ ಮಾಡದೆ ಮನೆಗೆ ಬನ್ನಿ. ಕೊಂಡ ಮೇಲೂ ಗಾಡಿ ನಿಲ್ಲಿಸುವಲ್ಲಿ ಕೆಳಗೊಂದು ರಟ್ಟು ಹಾಸಿ. ರಟ್ಟಿನ ಮೇಲೆ ಕಲೆ ಇದ್ದರೆ ಸೋರಿಕೆ ಹೊರಗಿದೆ, ಸರಿ ಮಾಡಿಸಬಹುದು. ರಟ್ಟು ಒಣಗಿದ್ದೂ ನೀರು ಇಳಿದಿದ್ದರೆ ಇನ್ನೂ ಹೆದರಿ, ಅದು ಒಳಗೇ ಎಲ್ಲೋ ಹೋಗುತ್ತಿದೆ. ಮೀಟರಿನ ಮುಳ್ಳನ್ನಂತೂ ಪೂರ್ತಿ ನಂಬಬೇಡಿ. ಮೇಸ್ತ್ರಿ ಹೇಳುತ್ತಿದ್ದರು: "ನೀರು ಇರೋಗಂಟ ಮುಳ್ಳು ಬಿಸಿ ತೋರುಸ್ತದೆ. ನೀರೇ ಖಾಲಿ ಆದ್ರೆ ಅದು ಏನ್ ಮುಟ್ಟಿ ನೋಡಾತು? ಸುಮ್ಕೆ ಮಲಗ್ತದೆ. ಮುಳ್ಳು ಮಲಗೈತೆ ಅಂತ ನೀವೂ ಮಲಗ್ಬ್ಯಾಡಿ."

ಇಷ್ಟೆಲ್ಲ ತಿಳಿದವನು ನಾನೇ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ಏಳು ವರ್ಷದ ಹಿಂದೆ ನನ್ನಲ್ಲಿಗೆ ಒಂದು ಬಿಳಿ ಕಾರು ಬಂತು. ನೋಡಲು ಮದುಮಗಳು. ಆದರೆ ನೀರು ಕಳೆಯುತ್ತಿತ್ತು. ಮೇಸ್ತ್ರಿ ಕೆಳಗೆ ಮಲಗಿ ನೋಡಿ, "ರೇಡಿಯೇಟರು ತಿಂದೋಗೈತೆ. ಬದಲಾಯಿಸ್ದೆ ಯಾರ್ಗೂ ಕೊಡಬ್ಯಾಡಿ" ಎಂದರು. ಹೊಸದನ್ನು ತರಿಸೋಣ ಎಂದುಕೊಂಡೆ. ಅಷ್ಟರಲ್ಲಿ ಗಿರಾಕಿ ಬಂದರು. ಜಾವಗಲ್ಲಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಜೊತೆಗೆ ಅವರ ಹೆಂಡತಿ. ಆಕೆಗೆ ಸೋಮವಾರ, ಗುರುವಾರ ಹಾಸನದಲ್ಲಿ ಡಯಾಲಿಸಿಸ್. ಬಸ್ಸಿನಲ್ಲಿ ಹೋಗಿ ಬರುವ ಶಕ್ತಿ ಉಳಿದಿರಲಿಲ್ಲ. ಬಿಳಿ ಕಾರು ಇಬ್ಬರಿಗೂ ಹಿಡಿಸಿತು. ಭಾನುವಾರ ಬಂದು ಒಯ್ಯುತ್ತೇವೆ, ಸೋಮವಾರಕ್ಕೆ ಬೇಕೇ ಬೇಕು ಎಂದರು.

ಗಿರಾಕಿಯ ಆತುರ ಕಂಡ ವ್ಯಾಪಾರಿಗೆ ಕೈ ಕಟ್ಟಿ ಕೂರುವುದು ಕಷ್ಟ. ಭಾನುವಾರ ಮೇಸ್ತ್ರಿ ಯಾರದೋ ಮದುವೆಗೆಂದು ಶೆಡ್ಡು ಮುಚ್ಚಿದ್ದರು. ನಾನು ಮನೆಯಿಂದ ಅರಿಶಿನದ ಪುಡಿ ತಂದು ರೇಡಿಯೇಟರಿಗೆ ಸುರಿದೆ. ಲಾರಿ ಡ್ರೈವರುಗಳ ಹಳೆಯ ಉಪಾಯ ಅದು; ಪುಡಿ ನೀರಿನಲ್ಲಿ ಸುತ್ತಿ ಸುತ್ತಿ ತೂತಿಗೆ ಹೋಗಿ ಕೂರುತ್ತದೆ, ಸೋರುವುದು ನಿಲ್ಲುತ್ತದೆ. ದಾರಿಯಲ್ಲಿ ಸಿಕ್ಕಿಕೊಂಡವರು ಊರು ಸೇರಲು ಮಾಡುವುದು. ಊರು ಸೇರಲು ಮಾತ್ರ.

"ದಾರೀಲಿ ಕೈ ಕೊಡಲ್ಲ ತಾನೆ?" ಎಂದು ಅಂಗಡಿಯವರು ಕೇಳಿದರು.

"ಗಟ್ಟಿ ಗಾಡಿ. ಹಳೇದಲ್ವಾ, ಸ್ವಲ್ಪ ನೀರು ಕುಡಿಯುತ್ತೆ ಅಷ್ಟೆ" ಎಂದೆ. ನಾಳೆ ಏನಾದರೂ ಆದರೆ, ಹೇಳಿದ್ದೆನಲ್ಲ ಎನ್ನಬಹುದು. ಅದೂ ವ್ಯಾಪಾರದ ಒಂದು ಪಾಠ.

ಅವರ ಹೆಂಡತಿ ನಕ್ಕರು. "ನಂಗೆ ಡಾಕ್ಟ್ರು ದಿನಕ್ಕೆ ಇಷ್ಟೇ ಲೋಟ ಅಂತ ನೀರು ಅಳ್ದು ಕೊಟ್ಟವ್ರೆ ಕಣಣ್ಣ. ನನ್ ಪಾಲಿಂದೂ ಇದೇ ಕುಡ್ಕಳ್ಳಿ ಬಿಡು."

ಮೂವರೂ ನಕ್ಕೆವು.

ಸೋಮವಾರ ಅವರು ಹೋಗಿ ಬಂದರು. "ಬೆಣ್ಣೆ ಹಂಗೆ ಹೋಯ್ತು ಗಾಡಿ" ಎಂದು ಫೋನು ಮಾಡಿದರು. ಗುರುವಾರ ಬೆಳಿಗ್ಗೆ, ಮದುವೆ ಮುಗಿಸಿ ಬಂದು ಶೆಡ್ಡು ತೆಗೆದ ಮೇಸ್ತ್ರಿ ರಸ್ತೆಯ ಆಚೆಯಿಂದ ಕೂಗಿ ಕೇಳಿದರು.

"ಬಿಳೀದು ಎಲ್ಲೋಯ್ತು ಸಾವ್ಕಾರ್ರೆ?"

"ಕೊಟ್ಟೆ."

"ರೇಡಿಯೇಟರು?"

"ಏನೋ ಮನೆಮದ್ದು ಮಾಡ್ದೆ."

ಅವರು ಈಚೆಗೆ ಬಂದು ನನ್ನ ಕೈ ಹಿಡಿದು ನೋಡಿದರು. ಉಗುರಿನ ಸಂದಿಯಲ್ಲಿ ಹಳದಿ ಇನ್ನೂ ಉಳಿದಿತ್ತು. "ಓಹೋ, ಅರಿಶಿನ ಶಾಸ್ತ್ರ ಮಾಡ್ಸಿ ಕಳಿಸಿದೀರಿ. ತಾಳಿ ಕಟ್ಟಿದ್ ಯಾರು?" ಎಂದು ನಕ್ಕರು.

"ಜಾವಗಲ್ ಬಟ್ಟೆ ಅಂಗಡಿಯವ್ರು. ಅವ್ರ ಮನೆಯವ್ರಿಗೆ ಡಯಾಲಿಸಿಸ್ಸು, ಹಾಸನಕ್ಕೆ ಓಡಾಡೋಕೆ ಅಂತ..."

ಮೇಸ್ತ್ರಿಯ ನಗು ನಿಂತಿತು. "ಯಾವ್ ಯಾವ್ ವಾರ?"

"ಸೋಮವಾರ. ಗುರುವಾರ."

"ಇವತ್ತು?"

ನಾನು ಕೈ ಬಿಡಿಸಿಕೊಂಡು ಬೆರಳು ಮಡಚಿದೆ.

"ಏನ್ಲಾ ಮಾಡ್ದೆ?" ಎಂದರು. ಹದಿನಾರು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. "ಒಂದ್ ಸಲಕ್ಕೆ ಅದು ತೂತು ಮುಚ್ತದೆ. ಎರಡನೇ ಸಲಕ್ಕೆ ನೀರು ಓಡಾಡೋ ಕೊಳವೇನೇ ಮುಚ್ತದೆ. ಫೋನ್ ಮಾಡು ಮೊದ್ಲು!"

ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅಂಗಡಿಯವರು ಗಾಡಿ ಓಡಿಸುವಾಗ ಫೋನನ್ನು ಹೆಂಡತಿಯ ಚೀಲದಲ್ಲಿ ಹಾಕಿಡುತ್ತಾರೆ, ಒಳ್ಳೆಯ ಅಭ್ಯಾಸ. ನಾಲ್ಕನೆಯ ಸಲ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು.

ನಾನು ನನ್ನ ಕಾರಿನ ಬಾಗಿಲು ತೆಗೆದರೆ ಮೇಸ್ತ್ರಿ ಬಾನೆಟ್ಟು ಎತ್ತಿ ನಿಂತಿದ್ದಾರೆ! "ಹತ್ತಿ ಮೇಸ್ತ್ರಿ!" ಎಂದು ಕಿರುಚಿದೆ. "ಇದ್ರ ನೀರು ನೋಡ್ದೆ ನಾನು ಕೂರಲ್ಲ" ಎಂದರು. ನೋಡಿ, ಮುಚ್ಚಿ, ಆಮೇಲೆ ಕೂತರು.

ಜಾವಗಲ್ಲಿನಲ್ಲಿ ಬಟ್ಟೆ ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದ ಹೋಟೆಲಿನವರು "ಹೋದ್ರಲ್ಲ, ಅರ್ಧ ಗಂಟೇನೂ ಆಗಿಲ್ಲ" ಎಂದರು. ಅಲ್ಲಿಂದ ಹಳೇಬೀಡಿನ ರಸ್ತೆ. ಪ್ರತಿ ತಿರುವಿನಲ್ಲೂ ಬಿಳಿ ಬಣ್ಣ ಕಂಡರೆ ಬ್ರೇಕ್ ತುಳಿಯುತ್ತಿದ್ದೆ. ಹಳ್ಳದ ಪಕ್ಕ ಬಿಳಿ ಕಾರೊಂದು ವಾಲಿ ನಿಂತಿತ್ತು. ಹತ್ತಿರ ಹೋದರೆ ಬೇರೆ ಯಾರದೋ, ಫೋನಿನಲ್ಲಿ ಮಾತಾಡುತ್ತಿದ್ದ. ಮೇಸ್ತ್ರಿಯ ಬಾಯಿ ನಿಂತಿರಲಿಲ್ಲ.

"ಇಂಜಿನ್ ಜಾಮ್ ಆದ್ರೆ ಸ್ಟೇರಿಂಗು ಕಲ್ಲಾಗ್ತದೆ. ಬ್ರೇಕ್ ತುಳುದ್ರೆ ಗೋಡೆ ತುಳ್ದಂಗೆ. ಹಿಂದೆ ಯಾವ್ದಾದ್ರೂ ಕಾಯಿ ಲಾರಿ ಬತ್ತಿದ್ರೆ..."

"ಬಾಯಿ ಮುಚ್ಕಳಿ ಮೇಸ್ತ್ರಿ!"

"ಮುಚ್ಕತೀನಿ. ನೀವು ಮುಚ್ಚಿದಂಗಲ್ಲ."

ಹದಿನೆಂಟು ವರ್ಷಕ್ಕೆ ಚೀಲ ಹೊತ್ತು ಏಣಿ ಹತ್ತಿದವನು ನಾನು, ಹೆದರಿಕೆ ಎಂದರೆ ಏನೆಂದು ಆ ರಸ್ತೆಯಲ್ಲಿ ತಿಳಿಯಿತು. ನನ್ನ ಜೀವಕ್ಕೆ ಹೆದರುವುದು ಬೇರೆ. ನನ್ನನ್ನು ನಂಬಿ ನಕ್ಕವರ ಜೀವಕ್ಕೆ ಹೆದರುವುದು ಬೇರೆ.

ಹಳೇಬೀಡು ದಾಟಿ, ಬಸ್ತಿಹಳ್ಳಿಯ ಬಳಿ ಗಾಡಿ ಸಿಕ್ಕಿತು. ರಸ್ತೆಯ ಪಕ್ಕಕ್ಕೆ ನಿಂತಿತ್ತು, ಬಾನೆಟ್ಟು ಎತ್ತಿತ್ತು, ಒಳಗಿಂದ ಹಬೆ ಏಳುತ್ತಿತ್ತು. ಸದ್ಯ, ಉರುಳಿಲ್ಲ ಎಂದು ಉಸಿರು ಬಿಟ್ಟೆ. ಮೇಸ್ತ್ರಿ ಬಿಡಲಿಲ್ಲ. ಅಂಗಡಿಯವರು ಕೈಗೆ ಬಿಳಿ ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದರು. ಪಕ್ಕದಲ್ಲಿ ನೀರಿನ ಕ್ಯಾನು ಸಿದ್ಧವಾಗಿತ್ತು. ನನ್ನ ಕಾರು ಇನ್ನೂ ನಿಂತಿರಲಿಲ್ಲ, ಮೇಸ್ತ್ರಿ ಬಾಗಿಲು ತೆಗೆದು ಹಾರಿದರು. ರಸ್ತೆ ದಾಟಲು ಎರಡು ಕಡೆಯೂ ಮೂರು ಸಲ ನೋಡುತ್ತಿದ್ದ ಮನುಷ್ಯ!

"ಮುಟ್ಬ್ಯಾಡಿ! ಮುಟ್ಬ್ಯಾಡಿ!"

ಯಾರೋ ನೆರವಿಗೆ ಬಂದರು ಎಂದು ಅಂಗಡಿಯವರು ತಲೆಯೆತ್ತಿ ನೋಡಿದರು, ಕೈ ಮಾತ್ರ ತಿರುಗುತ್ತಲೇ ಇತ್ತು. ಮೇಸ್ತ್ರಿ ಭುಜದಿಂದ ಅವರನ್ನು ತಳ್ಳಿದ್ದಕ್ಕೂ ಮುಚ್ಚಳ ಚಿಮ್ಮಿದ್ದಕ್ಕೂ ಸರಿಹೋಯಿತು. ಕುದಿಯುವ ಹಳದಿ ನೀರು ಎದ್ದು ಮೇಸ್ತ್ರಿಯ ಬಲಗೈ ಮೇಲೆ ಸುರಿಯಿತು. ಅವರು ತುಟಿ ಕಚ್ಚಿ, ಕೈಯನ್ನು ಎದೆಗೊತ್ತಿಕೊಂಡು ಒಂದು ಕ್ಷಣ ನಿಂತರು. ನಂತರ ಹಿಂದಿನ ಸೀಟಿನ ಹತ್ತಿರ ಹೋದರು. ಆಕೆ ತಲೆ ಒರಗಿಸಿ ಕೂತಿದ್ದರು. ಕಾಲು ಬಾತಿತ್ತು, ಉಸಿರನ್ನು ಎಳೆದು ಎಳೆದು ತೆಗೆದುಕೊಳ್ಳುತ್ತಿದ್ದರು.

"ಎಷ್ಟ್ ಗಂಟೆಗೆ ಅಲ್ಲಿರ್ಬೇಕವ್ವ?"

"ಹನ್ನೊಂದಕ್ಕೆ. ತಪ್ಪಿದ್ರೆ ಮಿಷನ್ನು ಬೇರೆಯವ್ರಿಗೆ ಕೊಟ್ಬುಡ್ತಾರೆ."

"ಸಾವ್ಕಾರ್ರೆ, ಇಬ್ರನ್ನೂ ಕರ್ಕೊಂಡ್ ಹೊರಡಿ. ಗಾಡಿ ಹತ್ರ ನಾನಿರ್ತೀನಿ."

"ನಿಮ್ ಕೈ..."

"ಕೈ ನಂದು. ಹೊರಡಿ."

ಹಗರೆ ದಾಟಿದ್ದು, ಹಾಸನ ಸೇರಿದ್ದು ನನಗೆ ಸರಿಯಾಗಿ ನೆನಪಿಲ್ಲ. ಹಿಂದಿನ ಸೀಟಿನಲ್ಲಿ ಆಕೆ ಉಸಿರೆಳೆಯುವ ಸದ್ದು ನೆನಪಿದೆ. ಅದು ಸ್ವಲ್ಪ ನಿಂತಂತಾದರೆ ಕನ್ನಡಿಯಲ್ಲಿ ನೋಡುತ್ತಿದ್ದೆ. ಆ ದೇಹದಿಂದ ನೀರು ಹೊರಗೆ ಹೋಗಲು ದಾರಿಯಿಲ್ಲ; ಆ ಗಾಡಿಯಲ್ಲಿ ಒಂದು ತೊಟ್ಟೂ ನಿಂತಿಲ್ಲ. ನಡುವೆ ನಾನು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು. ಮಿಷನ್ನು ಇನ್ನೂ ಖಾಲಿಯಿತ್ತು.

ಸಂಜೆ ಅವರಿಬ್ಬರನ್ನೂ ಕರೆದುಕೊಂಡು ಅದೇ ದಾರಿಯಲ್ಲಿ ವಾಪಸಾದೆ. ಮೇಸ್ತ್ರಿ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಚೆಲ್ಲಿದ ನೀರಿನ ಮೇಲೆಲ್ಲ ಮಣ್ಣು ಎಳೆದಿದ್ದರು, ಎಲ್ಲಾದರೂ ನಾಯಿ ನೆಕ್ಕೀತು ಎಂದು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳದಿಯಾಗಿತ್ತು. ಬಸ್ತಿಹಳ್ಳಿಯ ಯಾರೋ ಹೆಂಗಸು ನೋಡಿ, ಮನೆಗೆ ಓಡಿ ಅರಿಶಿನ ತಂದು ಮೆತ್ತಿ ಹೋಗಿದ್ದಳಂತೆ.

ನಾನು ಹತ್ತಿರ ಹೋದಾಗ ಕೈ ಎತ್ತಿ ತೋರಿಸಿದರು. ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, "ಅರಿಶಿನದ ಜಾಗ ಇದು ಸಾವ್ಕಾರ್ರೆ" ಎಂದರು.

ಅಷ್ಟರಲ್ಲಿ ಅಂಗಡಿಯವರು ಇಳಿದು ಬಂದರು. "ಏನಾಗಿತ್ತು ಮೇಸ್ತ್ರಿ?"

"ಇಂಜಿನ್ ಹೋಯ್ತು. ಬಿಸಿಗೆ ಹೆಡ್ಡು ಬಾಗೈತೆ."

"ಸೋಮವಾರ ಅಷ್ಟು ಚೆನ್ನಾಗಿತ್ತು. ಯಾಕ್ ಹಂಗಾಯ್ತು?"

ಮೇಸ್ತ್ರಿ ನನ್ನ ಮುಖ ನೋಡಿದರು. "ಸಾವ್ಕಾರ್ರು ಹೇಳ್ತಾರೆ."

ನಾನು ಹೇಳಿದೆ: "ಹಳೇ ರೇಡಿಯೇಟರ್ ಅಲ್ವಾ ಅಣ್ಣ, ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ. ಇದನ್ನ ನಾನು ವಾಪಸ್ ತಗೋತೀನಿ. ಬದಲಿಗೆ ನನ್ ಕಾರೇ ಇಟ್ಕೊಳ್ಳಿ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಆಕೆ ಕಾರಿನೊಳಗಿಂದಲೇ ಕೈ ಮುಗಿದರು. ಮೇಸ್ತ್ರಿ ಏನೂ ಅನ್ನಲಿಲ್ಲ. ಅವತ್ತಿನಿಂದ ಸಾಯುವವರೆಗೂ ಅನ್ನಲಿಲ್ಲ. ಜಾವಗಲ್ಲಿನ ಆ ಕಾರು ಸರ್ವಿಸ್ಸಿಗೆ ಬಂದಾಗ ಮಾತ್ರ ರಸ್ತೆಯ ಆಚೆಯಿಂದ ನನ್ನ ಕೈ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಬೆರಳು ಮಡಚಿಕೊಳ್ಳುತ್ತಿದ್ದೆ. ಈಗ ರೇಡಿಯೇಟರು ನೋಡಿಸದೆ ಯಾವ ಗಾಡಿಯನ್ನೂ ಕೊಡುವುದಿಲ್ಲ, ಬೆಳಿಗ್ಗೆ ಎದ್ದರೆ ಎಲ್ಲ ಗಾಡಿಗಳ ಕೆಳಗಿನ ರಟ್ಟು ಎಳೆದು ನೋಡುತ್ತೇನೆ. ಊರಲ್ಲಿ ನನ್ನನ್ನೂ ಪುಕ್ಕಲು ಎನ್ನುತ್ತಾರಂತೆ. ಆದರೆ ಹೇಳಬೇಕಾದದ್ದನ್ನು ಹೇಳುವ ಧೈರ್ಯ ಏಳು ವರ್ಷವಾದರೂ ಬರಲಿಲ್ಲ. ಕುದಿಯುತ್ತಿರುವುದರ ಮೇಲೆ ಮುಚ್ಚಳ ಹಾಕಿ ಕೂತಿದ್ದೆ.

ಮೇಸ್ತ್ರಿಯ ಶಿವಗಣಾರಾಧನೆಯ ಊಟವನ್ನು ಶೆಡ್ಡಿನಲ್ಲೇ ಇಟ್ಟುಕೊಂಡಿದ್ದರು. ಸ್ಪ್ಯಾನರುಗಳನ್ನು ಮೂಲೆಗೆ ಸರಿಸಿ, ನೆಲ ತೊಳೆದು ಎಲೆ ಹಾಕಿದ್ದರು. ಗೋಡೆಯ ಮೇಲೆ ಫೋಟೋ. ಸುಟ್ಟ ಕೆನ್ನೆ ಕಾಣದ ಹಾಗೆ ಬಲಗಡೆಯಿಂದ ತೆಗೆಸಿದ್ದು. ಜಾವಗಲ್ಲಿನ ಗಂಡ ಹೆಂಡತಿ ಬಂದಿದ್ದರು. ಆಕೆ ಇನ್ನಷ್ಟು ಬಡಕಲಾಗಿದ್ದರು, ವಾರಕ್ಕೆರಡು ಸಲದ ಹಾಸನ ಇನ್ನೂ ತಪ್ಪಿಲ್ಲ.

"ಅವತ್ತು ನೀವಿಬ್ರೂ ದೇವ್ರು ಬಂದಂಗೆ ಬಂದ್ರಿ" ಎಂದರು ಅಂಗಡಿಯವರು. "ಒಬ್ರು ಹೊಂಟೋದ್ರು."

ಇನ್ನು ತಡೆಯಲಾಗಲಿಲ್ಲ. "ಅಣ್ಣ, ಆ ರೇಡಿಯೇಟರಿಗೆ ಅರಿಶಿನ ಸುರ್ದಿದ್ದು ನಾನು. ಗೊತ್ತಿದ್ದೂ ಗೊತ್ತಿದ್ದೂ ನಿಮಗೆ ಕೊಟ್ಟೆ" ಎಂದೆ.

ಅಂಗಡಿಯವರು ಹೆಂಡತಿಯ ಮುಖ ನೋಡಿದರು. ಮಾತಾಡಿದ್ದು ಆಕೆ.

"ಗೊತ್ತು ಕಣಣ್ಣ. ಅವತ್ತು ಇವ್ರ ಟವೆಲ್ಲು ಹಳದಿ ಆಗಿತ್ತಲ್ಲ, ಒಗ್ಯೋಕೆ ಅಂತ ಸೋಪು ಹಚ್ಚಿದೆ. ಕುಂಕುಮದಂಗೆ ಕೆಂಪಾಯ್ತು. ಅರಿಶಿನ ಅಲ್ದೆ ಇನ್ಯಾವ್ದು ಹಂಗಾಯ್ತದೆ?"

"ಮತ್ತೆ... ಕೇಳ್ಲಿಲ್ಲ ನೀವು?"

"ಮೇಸ್ತ್ರಿ ಹತ್ರ ಬಂದು ಕೂಗಾಡ್ದೆ" ಎಂದರು ಅಂಗಡಿಯವರು. "ನಿಮ್ ಹತ್ರಾನೂ ಬರೋನಿದ್ದೆ. ಅವ್ರೇ ತಡುದ್ರು. 'ಅವ್ರಾಗೇ ಹೇಳ್ತಾರೆ, ಇರಿ. ಬಿಸಿ ಇರೋವಾಗ ಮುಚ್ಳ ತೆಗೀಬ್ಯಾಡಿ' ಅಂದ್ರು."

ಏಳು ವರ್ಷ. ನಾನು ಫೋಟೋ ಕಡೆ ತಿರುಗಲಿಲ್ಲ, ತಿರುಗಲಾಗಲಿಲ್ಲ.

ಆಕೆ ನಿಧಾನವಾಗಿ ಎದ್ದರು. "ಇನ್ಮೇಲೆ ನಮ್ ಗಾಡಿ ಯಾರ್ ನೋಡ್ತಾರಣ್ಣ? ಹೆದ್ರಿಸೋರು ಒಬ್ರು ಇದ್ರು. ನಾಳೆ ಗುರುವಾರ."

ಹೊರಗೆ ಬಿಸಿಲಿನಲ್ಲಿ ಅವರ ಕಾರು ನಿಂತಿತ್ತು, ಒಂದು ಕಾಲಕ್ಕೆ ನನ್ನದಾಗಿದ್ದದ್ದು. ಹೋಗಿ ಬಾನೆಟ್ಟಿನ ಮೇಲೆ ಕೈಯ ಬೆನ್ನು ಇಟ್ಟೆ. ಜಾವಗಲ್ಲಿನಿಂದ ಬಂದ ಬಿಸಿ ಇನ್ನೂ ಇತ್ತು. ಒಳಗೆ ನೀರು ಎಷ್ಟಿದೆಯೋ, ಎಷ್ಟು ಕಳೆದಿದೆಯೋ.

"ಕೂತ್ಕಳಿ, ತಣ್ಣಗಾಗ್ಲಿ" ಎಂದೆ. ಆ ಮುರುಕು ಬೆಂಚಿನ ಮೇಲೆ ಮೂವರೂ ಕೂತೆವು.